ಒಡೆದ ಪಿಸ್ಟನ್‌ಗಳ ಶೆಲ್ಫು

ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಫಿಟ್ಟಿಂಗ್ ಜಾಬ್ ಕೆಟ್ಟುಹೋದರೆ ನಾವೆಲ್ಲ ಏನು ಮಾಡ್ತೀವಿ? ಸರ್ ಕಣ್ಣಿಗೆ ಬೀಳೋ ಮುಂಚೆ ಅದನ್ನ ಸ್ಕ್ರ್ಯಾಪ್ ಡಬ್ಬಕ್ಕೆ ಹಾಕಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊಸ ಪೀಸ್ ಕೇಳ್ತೀವಿ. ಆದರೆ ನ್ಯೂಜಿಲೆಂಡಿನ ಒಬ್ಬ ಮನುಷ್ಯ ತಾನು ಕೆಡಿಸಿದ್ದನ್ನೆಲ್ಲ ತನ್ನ ಗ್ಯಾರೇಜಿನ ಶೆಲ್ಫಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ತೂತು ಬಿದ್ದ ಪಿಸ್ಟನ್ನು, ಮುರಿದ ರಾಡು, ಸುಟ್ಟುಹೋದ ಬಿಡಿಭಾಗ, ಎಲ್ಲ. ಸಾಲದ್ದಕ್ಕೆ, ಇವೆಲ್ಲ ವೇಗದ ದೇವರಿಗೆ ತಾನು ಸಲ್ಲಿಸಿದ ಕಾಣಿಕೆಗಳು ಅಂತ ಅಲ್ಲೇ ಒಂದು ಬರಹವನ್ನೂ ಹಾಕಿದ್ದ. ನಾವು ಆಯುಧಪೂಜೆಗೆ ಓಡೋ ಯಂತ್ರಗಳಿಗೆ ಕುಂಕುಮ ಇಡ್ತೀವಿ. ಈತ ಒಡೆದ ಯಂತ್ರದ ಚೂರುಗಳಿಗೆ ಜಾಗ ಕೊಟ್ಟಿದ್ದ.

ಹೆಸರು ಬರ್ಟ್ ಮನ್ರೋ. 1967ರಲ್ಲಿ, ತನ್ನ 68ನೇ ವಯಸ್ಸಿನಲ್ಲಿ, 47 ವರ್ಷ ಹಳೆಯ ಬೈಕಿನ ಮೇಲೆ ಕೂತು ಗಂಟೆಗೆ ಸುಮಾರು 296 ಕಿಲೋಮೀಟರ್ ವೇಗದಲ್ಲಿ ದಾಖಲೆ ಮಾಡಿದವನು. ಆ ಬೈಕಿನ ಹೆಸರು ಇಂಡಿಯನ್ ಸ್ಕೌಟ್. ಹೆಸರು ನೋಡಿ ಖುಷಿಪಡಬೇಡಿ, ನಮ್ಮ ದೇಶಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಇಂಡಿಯನ್ ಅನ್ನೋ ಕಂಪನಿ ಅಲ್ಲಿನ ಮೂಲನಿವಾಸಿಗಳನ್ನ ನೆನೆಸಿಕೊಂಡು ಇಟ್ಟ ಹೆಸರು ಅದು.

ಬರ್ಟ್ ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್ ಊರಿನಲ್ಲಿ. ಜೊತೆಗೆ ಹುಟ್ಟಿದ ಅವಳಿ ತಂಗಿ ಹುಟ್ಟುವಾಗಲೇ ತೀರಿಕೊಂಡಳು. ಬೆಳೆದದ್ದು ಹತ್ತಿರದ ಎಡೆಂಡೇಲ್‌ನ ಜಮೀನಿನಲ್ಲಿ, ಒಕ್ಕಲುತನದ ಮನೆಯಲ್ಲಿ. ವೇಗದ ಹುಚ್ಚು ಹಿಡಿದದ್ದು ಬೈಕಿನಿಂದ ಅಲ್ಲ, ಕುದುರೆಯಿಂದ. ಮನೆಯಲ್ಲಿದ್ದ ಕುದುರೆಗಳಲ್ಲಿ ಅತಿ ಜೋರಾಗಿ ಓಡುವುದನ್ನೇ ಹತ್ತಿ ಹೊಲದ ತುಂಬ ಓಡಿಸ್ತಿದ್ದ. ಅಪ್ಪ ಬೈಯ್ತಿದ್ದ, ಮಗ ಕೇಳ್ತಿರಲಿಲ್ಲ.

1920ರಲ್ಲಿ ಹೊಸದಾಗಿ ಬಂದಿದ್ದ ಇಂಡಿಯನ್ ಸ್ಕೌಟ್ ಒಂದನ್ನ ಕೊಂಡ. 600 ಸಿಸಿಯ ವಿ-ಟ್ವಿನ್ ಇಂಜಿನ್, ಸೈಡ್ ವಾಲ್ವ್, ಕೈಯಲ್ಲಿ ಹಾಕುವ ಮೂರು ಗೇರು. ಫ್ಯಾಕ್ಟರಿಯಿಂದ ಬಂದ ಹಾಗೆ ಅದರ ಗರಿಷ್ಠ ವೇಗ ಗಂಟೆಗೆ 55 ಮೈಲಿ, ಅಂದರೆ 89 ಕಿಲೋಮೀಟರ್. ಬೇರೆ ಯಾರಾದರೂ ಆಗಿದ್ದರೆ ನಾಲ್ಕೈದು ವರ್ಷ ಓಡಿಸಿ, ಮಾರಿ, ಹೊಸ ಮಾಡೆಲ್ ತಗೋತಿದ್ದರು. ಬರ್ಟ್ ಅದನ್ನ ದಶಕಗಟ್ಟಲೆ ಬಿಡಲಿಲ್ಲ. 1926ರಿಂದ ಅದನ್ನ ಬಿಚ್ಚಿ ಬದಲಾಯಿಸೋಕೆ ಶುರುಮಾಡಿದ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ, ಅದನ್ನ ಎದುರಿಸಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಹೆಚ್ಚುತ್ತೆ. 89ರಿಂದ 296ಕ್ಕೆ ಹೋಗಬೇಕು ಅಂದರೆ ವೇಗ ಬರೀ 3.3 ಪಟ್ಟು. ಆದರೆ ಬೈಕಿನ ಆಕಾರ ಹಾಗೇ ಇದ್ದರೆ ಗಾಳಿಯನ್ನ ಸೀಳೋಕೆ ಬೇಕಾದ ಪವರ್ ಸುಮಾರು 37 ಪಟ್ಟು! ಕಾರ್ಬ್ಯುರೇಟರ್ ಟ್ಯೂನ್ ಮಾಡಿ, ಸೈಲೆನ್ಸರ್ ಬಿಚ್ಚಿದರೆ ಆಗೋ ಕೆಲಸ ಅಲ್ಲ ಇದು. ಇಂಜಿನ್ನೇ ಬೇರೆ ಆಗಬೇಕು, ಮೇಲಿನ ಆಕಾರವೂ ಬೇರೆ ಆಗಬೇಕು. ಅದನ್ನ ಮಾಡಿಕೊಡೋಕೆ ಬರ್ಟ್ ಹಿಂದೆ ಯಾವ ಫ್ಯಾಕ್ಟರಿಯೂ ಇರಲಿಲ್ಲ. ಹೊಟ್ಟೆಪಾಡಿಗೆ ಬೈಕ್ ಮಾರುವವನಾಗಿ, ಮೆಕ್ಯಾನಿಕ್ ಆಗಿ ದುಡೀತಿದ್ದ. ಸ್ವಂತ ಬೈಕಿನ ಕೆಲಸಕ್ಕೆ ಸಿಗ್ತಿದ್ದದ್ದು ರಾತ್ರಿ.

ಹಾಗಾಗಿ ಬೇಕಾದ್ದನ್ನೆಲ್ಲ ತಾನೇ ಮಾಡಿಕೊಂಡ. ಲೋಹ ಕರಗಿಸಿ ಹಳೇ ಡಬ್ಬಗಳಲ್ಲಿ ಎರಕ ಹೊಯ್ದು ಪಿಸ್ಟನ್ ಮಾಡಿದ. ಸಿಲಿಂಡರ್ ಬ್ಯಾರೆಲ್, ಫ್ಲೈವೀಲ್, ಕ್ಯಾಮ್, ಆಯಿಲ್ ಸಾಗಿಸುವ ವ್ಯವಸ್ಥೆ, ಎಲ್ಲ ಮನೆಯಲ್ಲೇ ತಯಾರು. ಕನೆಕ್ಟಿಂಗ್ ರಾಡ್ ಮಾಡಿದ್ದು ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರ್ ಒಂದರ ಆಕ್ಸಲ್ ಕಡಿದು. ಮೈಕ್ರೋಮೀಟರ್ ಬೇಕಾದಾಗ ಚಕ್ರದ ಹಳೇ ಸ್ಪೋಕ್ ತಗೊಂಡು ಒಂದನ್ನ ತಯಾರಿಸಿಕೊಂಡ. ಮೂಲ ಇಂಜಿನ್‌ನಲ್ಲಿ ಎರಡು ಕ್ಯಾಮ್ ಇದ್ದವು, ಅದನ್ನ ನಾಲ್ಕು ಮಾಡಿದ. ಸೈಡ್ ವಾಲ್ವ್ ಹೋಗಿ ಓವರ್‌ಹೆಡ್ ವಾಲ್ವ್ ಬಂತು. 600 ಸಿಸಿ ಬೆಳೀತಾ ಬೆಳೀತಾ ಕೊನೆಗೆ 950 ಸಿಸಿ ಆಯ್ತು.

ಕೇಳೋಕೆ ಚೆನ್ನಾಗಿದೆ. ಆದರೆ ಡಬ್ಬದಲ್ಲಿ ಎರಕ ಹೊಯ್ದ ಪಿಸ್ಟನ್ ಎಷ್ಟು ದಿನ ಬಾಳುತ್ತೆ? ಒಳಗೆ ಕಣ್ಣಿಗೆ ಕಾಣದ ಒಂದು ಗಾಳಿಗುಳ್ಳೆ ಇದ್ದರೆ ಸಾಕು, ಬಿಸಿಯೇರಿದಾಗ ಅಲ್ಲೇ ಬಿರುಕು ಬಿಡುತ್ತೆ. ಎಷ್ಟೋ ರಾತ್ರಿ ಕೂತು ಮಾಡಿದ ಇಂಜಿನ್ ಕಡಲತೀರದ ಒಂದೇ ಓಟಕ್ಕೆ ಚೂರಾದದ್ದುಂಟು. ಒಂದೆರಡು ಸಲ ಅಲ್ಲ, ದಶಕಗಟ್ಟಲೆ ಇದೇ ಕಥೆ. ಸಾಮಾನ್ಯವಾಗಿ ನಮ್ಮ ಧೈರ್ಯ ಕುಸಿಯೋದು ಇಂಥ ಕಡೆ. ಸೋತದ್ದು ಒಂದು ಕಷ್ಟ, ಯಾಕೆ ಸೋತೆವು ಅಂತ ಗೊತ್ತಾಗದೇ ಇರೋದು ಇನ್ನೂ ದೊಡ್ಡ ಕಷ್ಟ. ಬರ್ಟ್ ಮಾಡಿದ್ದು ಇಷ್ಟೇ: ಇಂಜಿನ್ ಬಿಚ್ಚಿದ, ಎಲ್ಲಿ ಮುರೀತು ಅಂತ ಹುಡುಕಿದ, ಆ ಒಂದು ಭಾಗವನ್ನ ಇನ್ನಷ್ಟು ಗಟ್ಟಿಯಾಗಿ ಮಾಡಿ ಹಾಕಿದ. ಮುರಿದದ್ದು ಶೆಲ್ಫಿಗೆ ಹೋಯ್ತು. ಮುಂದಿನ ಸಲ ಬೇರೆ ಯಾವುದೋ ಭಾಗ ಮುರೀತಿತ್ತು. ಆದರೆ ಆಗ ಬೈಕು ಮೊದಲಿಗಿಂತ ಸ್ವಲ್ಪ ಜೋರಾಗಿ ಓಡಿ ಮುರೀತಿತ್ತು. ಅವನ ಆತ್ಮವಿಶ್ವಾಸ ಇದ್ದದ್ದು ಆ ಸ್ವಲ್ಪದಲ್ಲಿ.

1938ರಲ್ಲಿ ಮೊದಲ ಸಲ ನ್ಯೂಜಿಲೆಂಡಿನ ವೇಗದ ದಾಖಲೆ ಮುರಿದ. ಮುಂದೆ ಇನ್ನೂ ಏಳು ಬಂದವು. ಇನ್ವರ್‌ಕಾರ್ಗಿಲ್ ಪಕ್ಕದ ಓರೆಟಿ ಬೀಚ್‌ನ ಉದ್ದನೆಯ ಗಟ್ಟಿ ಮರಳೇ ಅವನ ಟೆಸ್ಟ್ ಟ್ರ್ಯಾಕ್. ಅಲ್ಲಿ 1957ರಲ್ಲಿ ಗಂಟೆಗೆ 131.38 ಮೈಲಿ ಮುಟ್ಟಿದ.

ಇದಕ್ಕೆಲ್ಲ ಬೆಲೆ ಕಟ್ಟಲಿಲ್ಲ ಅಂತಲ್ಲ. ಹೆಂಡತಿ ಬೆರಿಲ್, ನಾಲ್ಕು ಮಕ್ಕಳು ಇದ್ದ ಸಂಸಾರ 1940ರ ದಶಕದಲ್ಲಿ ಮುರಿದುಬಿತ್ತು. ಅದೇ ದಶಕದ ಕೊನೆಗೆ ಕೆಲಸವನ್ನೂ ಬಿಟ್ಟು ಗ್ಯಾರೇಜಿನಲ್ಲೇ ವಾಸ ಮಾಡತೊಡಗಿದ. ಒಂದೇ ಕೋಣೆಯಲ್ಲಿ ಹಾಸಿಗೆ, ಲೇಥು, ಆ ಸ್ಕೌಟ್, ಜೊತೆಗೆ ಅವನ ಇನ್ನೊಂದು ಬೈಕು ವೆಲೊಸೆಟ್. ಅವನನ್ನ ಆದರ್ಶ ಪುರುಷ ಮಾಡೋಕೆ ಹೊರಟವರು ಈ ಭಾಗವನ್ನ ಬೇಗ ದಾಟಿ ಹೋಗ್ತಾರೆ. ನಾವು ಹಾಗೆ ಮಾಡೋದು ಬೇಡ. ಇಂಜಿನ್‌ನಲ್ಲಿ ಮುರಿದದ್ದನ್ನ ಮತ್ತೆ ಮಾಡಿಕೊಳ್ಳಬಹುದಿತ್ತು, ಮನೆಯಲ್ಲಿ ಮುರಿದದ್ದು ಹಾಗಾಗಲಿಲ್ಲ.

ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನವಿಲ್ ಅನ್ನೋ ಉಪ್ಪಿನ ಬಯಲು ಇದೆ. ಬತ್ತಿಹೋದ ಪುರಾತನ ಸರೋವರದ ತಳ ಅದು. ಕಣ್ಣು ಹಾಯೋವರೆಗೂ ಬೆಳ್ಳಗೆ ಸಪಾಟು. ಭೂಮಿಯ ಮೇಲೆ ಅತಿ ವೇಗದ ದಾಖಲೆ ಮಾಡಬೇಕು ಅನ್ನೋರೆಲ್ಲ ಹೋಗೋದು ಅಲ್ಲಿಗೆ. ನಿಯಮ ಸರಳ. ಒಂದು ದಿಕ್ಕಿಗೆ ಓಡಿಸಬೇಕು, ಮತ್ತೆ ಎದುರು ದಿಕ್ಕಿಗೆ ಓಡಿಸಬೇಕು, ಎರಡರ ಸರಾಸರಿಯೇ ದಾಖಲೆ. ಹಿಂದಿನಿಂದ ಬೀಸೋ ಗಾಳಿಯ ಲಾಭ ಯಾರಿಗೂ ದಕ್ಕಬಾರದು ಅನ್ನೋದು ಇದರ ಉದ್ದೇಶ. ಹಾಗಂತ ಅಲ್ಲಿ ಓಡಿಸೋದು ಸುಲಭ ಅಲ್ಲ. ಉಪ್ಪಿನ ಮೇಲೆ ಟೈರಿಗೆ ಹಿಡಿತ ಕಡಿಮೆ. ಜಾಗ ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಕಡಲತೀರದಲ್ಲಿ ಹೊಂದಿಸಿದ್ದ ಕಾರ್ಬ್ಯುರೇಟರ್ ಸೆಟ್ಟಿಂಗ್ ಅಲ್ಲಿ ಕೆಲಸಕ್ಕೆ ಬರಲ್ಲ.

ಬರ್ಟ್ ಬಾನವಿಲ್‌ಗೆ ಒಟ್ಟು ಹತ್ತು ಸಲ ಹೋದ. ಮೊದಲ ಸಲ ಬರೀ ನೋಡೋಕೆ. ಉಳಿದ ಒಂಬತ್ತು ಸಲ ಓಡಿಸೋಕೆ. ಆ ಒಂಬತ್ತರಲ್ಲಿ ದಾಖಲೆ ಸಿಕ್ಕಿದ್ದು ಮೂರು ಸಲ. ಅಂದರೆ ಆರು ಸಲ ಕಾಸಿಗೆ ಕಾಸು ಕೂಡಿಸಿ, ಪೆಸಿಫಿಕ್ ಸಾಗರ ದಾಟಿ, ಬೈಕು ಹೊತ್ತುಕೊಂಡು ಹೋಗಿ ದಾಖಲೆ ಇಲ್ಲದೆ ವಾಪಸ್ ಬಂದ. ಎಲ್ಲರೂ ಹೇಳೋದು ಆ ಮೂರರ ಕಥೆ. ನನಗೆ ಹೆಚ್ಚು ಕಾಡೋದು ಉಳಿದ ಆರು. ಅರವತ್ತು ದಾಟಿದ ಮನುಷ್ಯ ಬರಿಗೈಲಿ ಇನ್ವರ್‌ಕಾರ್ಗಿಲ್‌ಗೆ ಬಂದಿಳಿದು, ಗ್ಯಾರೇಜಿನ ಬಾಗಿಲು ತೆಗೆದು, ಮತ್ತೆ ಇಂಜಿನ್ ಬಿಚ್ಚೋಕೆ ಕೂರ್ತಾನಲ್ಲ, ಆ ಹೊತ್ತು.

ಮೊದಲ ದಾಖಲೆ 1962ರಲ್ಲಿ, 63ನೇ ವಯಸ್ಸಿಗೆ. ಆಗ ಇಂಜಿನ್ 850 ಸಿಸಿ, ವೇಗ ಗಂಟೆಗೆ 288 ಕಿಲೋಮೀಟರ್. ಮುಂದಿನದಕ್ಕೆ ನಾಲ್ಕು ವರ್ಷ ಕಾಯಬೇಕಾಯ್ತು. 1966ರಲ್ಲಿ 920 ಸಿಸಿ ಮಾಡಿಕೊಂಡು 1000 ಸಿಸಿ ವಿಭಾಗದಲ್ಲಿ ದಾಖಲೆ ಮಾಡಿದ, ಆದರೆ ವೇಗ ಸುಮಾರು 270. ಗಮನಿಸಿ, ಇಂಜಿನ್ ದೊಡ್ಡದಾಯ್ತು, ವೇಗ ಕಡಿಮೆ ಆಯ್ತು! ವಯಸ್ಸು 67. ಸಾಕು ಅನ್ನೋಕೆ ಇದಕ್ಕಿಂತ ಒಳ್ಳೇ ಸಮಯ ಇರಲಿಲ್ಲ. ಮರುವರ್ಷ 950 ಸಿಸಿ ಇಂಜಿನ್ ತಗೊಂಡು ಮತ್ತೆ ಹೋದ. ಅರ್ಹತಾ ಓಟದಲ್ಲಿ ಒಂದು ದಿಕ್ಕಿಗೆ ಗಂಟೆಗೆ 190.07 ಮೈಲಿ, ಅಂದರೆ ಸುಮಾರು 306 ಕಿಲೋಮೀಟರ್ ಮುಟ್ಟಿದ. ಎರಡು ದಿಕ್ಕಿನ ಸರಾಸರಿಯಾಗಿ 183.586 ಮೈಲಿ ದಾಖಲೆಯಾಯ್ತು.

ಅದೇ 1967ರಲ್ಲಿ ಅವನು ಸತ್ತೇ ಹೋಗಬಹುದಿತ್ತು. ಬೈಕಿಗೆ ಮೀನಿನ ಹಾಗೆ ಉದ್ದನೆಯ ಕವಚ ಹಾಕಿದ್ದ. ಕವಚ ಗಾಳಿಯ ಎಳೆತ ಕಡಿಮೆ ಮಾಡುತ್ತೆ, ನಿಜ. ಆದರೆ ಗಾಳಿಯ ಒತ್ತಡ ಕೇಂದ್ರೀಕರಿಸೋ ಬಿಂದು ಬೈಕಿನ ಗುರುತ್ವಕೇಂದ್ರಕ್ಕಿಂತ ಮುಂದಿದ್ದರೆ ಬೈಕು ನೇರ ಹೋಗೋಕೆ ಒಪ್ಪಲ್ಲ. ಬಾಣದ ಗರಿಯನ್ನ ಮುಂದಕ್ಕೆ ಕಟ್ಟಿದ ಹಾಗೆ. ಓಟದ ಅರ್ಧ ದಾಟಿದ ಮೇಲೆ ಬೈಕು ಅತ್ತಿತ್ತ ಓಲಾಡೋಕೆ ಶುರುವಾಯ್ತು. ವೇಗ ಇಳಿಸೋಕೆ ಅಂತ ಬರ್ಟ್ ಮಲಗಿದ್ದ ಭಂಗಿಯಿಂದ ಎದ್ದು ಕೂತ. ಗಾಳಿ ಕನ್ನಡಕವನ್ನೇ ಕಿತ್ತುಕೊಂಡು ಹೋಯ್ತು. ಕಣ್ಣು ಕಾಣಿಸಲಿಲ್ಲ. ದಾರಿ ತೋರಿಸೋ ಕಪ್ಪು ಗೆರೆ ಬಿಟ್ಟು ಎಲ್ಲೋ ಹೋಗಿದ್ದ, ನೆಟ್ಟಿದ್ದ ಉಕ್ಕಿನ ಗೂಟವೊಂದು ಕೂದಲೆಳೆಯಲ್ಲಿ ತಪ್ಪಿತು. ಕೊನೆಗೆ ತಾನೇ ಬೈಕನ್ನ ಉಪ್ಪಿನ ಮೇಲೆ ಮಲಗಿಸಿ ಜಾರಿಸಿ ನಿಲ್ಲಿಸಿದ. ಆಮೇಲೆ ಅದನ್ನ ಯಾರಿಗಾದರೂ ಹೇಳುವಾಗ ನಾಲ್ಕು ತರಚುಗಾಯ ಅಷ್ಟೇ ಅನ್ನೋ ಧಾಟಿ. ಹುಂಬತನ ಅನ್ನಿಸಬಹುದು. ಆದರೆ ಎದ್ದು ಕೂತದ್ದು, ಬೈಕು ಮಲಗಿಸಿದ್ದು ಎರಡೂ ನಲವತ್ತು ವರ್ಷ ಬಿದ್ದು ಎದ್ದು ಕಲಿತವನ ನಿರ್ಧಾರಗಳು.

ಬರ್ಟ್ 1978ರ ಜನವರಿ 6ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಹೃದಯದ ತೊಂದರೆ ಇತ್ತು. ಬದುಕಿದ್ದಾಗಲೇ, 1971ರಲ್ಲಿ, ರೋಜರ್ ಡೊನಾಲ್ಡ್‌ಸನ್ ಅವನ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದ, ಅದಕ್ಕೆ ಆ ಶೆಲ್ಫಿನ ಬರಹವನ್ನೇ ಹೆಸರಾಗಿ ಇಟ್ಟಿದ್ದ. ಅದೇ ನಿರ್ದೇಶಕ 2005ರಲ್ಲಿ ಆಂಥನಿ ಹಾಪ್ಕಿನ್ಸ್ ಅವರನ್ನ ಹಾಕಿಕೊಂಡು ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್ ಸಿನಿಮಾ ಮಾಡಿದ.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2014ರಲ್ಲಿ ಬರ್ಟ್ ಮಗ ಜಾನ್, 1967ರ ಲೆಕ್ಕದಲ್ಲಿ ತಪ್ಪು ಇರೋದನ್ನ ಗಮನಿಸಿದ. ಉತ್ತರ ದಿಕ್ಕಿನ ಓಟ 184.710 ಮೈಲಿ, ದಕ್ಷಿಣ ದಿಕ್ಕಿನದು 183.463. ಕ್ಯಾಲ್ಕುಲೇಟರ್ ತಗೊಂಡು ನೀವೇ ಸರಾಸರಿ ಹಾಕಿ ನೋಡಿ. 183.586 ಬರಲ್ಲ, 184.087 ಬರುತ್ತೆ. ಅಮೆರಿಕದ ಮೋಟಾರ್‌ಸೈಕಲ್ ಸಂಸ್ಥೆ ತಪ್ಪು ಒಪ್ಪಿಕೊಂಡು ದಾಖಲೆ ತಿದ್ದಿತು. ಸತ್ತು 36 ವರ್ಷ ಆದ ಮೇಲೆ ಅಜ್ಜನ ವೇಗ ಅರ್ಧ ಮೈಲಿ ಹೆಚ್ಚಾಯ್ತು!

ಆ ಬೈಕು ಈಗಲೂ ಇನ್ವರ್‌ಕಾರ್ಗಿಲ್‌ನಲ್ಲೇ ಇದೆ, ಇ ಹೇಯ್ಸ್ ಅನ್ನೋ ಹಾರ್ಡ್‌ವೇರ್ ಅಂಗಡಿಯಲ್ಲಿ. ಮೊಳೆ, ಸ್ಪ್ಯಾನರ್ ಕೊಳ್ಳೋಕೆ ಬಂದವರು ಅದನ್ನೂ ನೋಡಿಕೊಂಡು ಹೋಗ್ತಾರೆ.

ಸೆಮಿಸ್ಟರ್ ರಜೆಯಲ್ಲಿ ಆ ಸಿನಿಮಾ ನೋಡಿ. ಅದರಲ್ಲಿ ಅಜ್ಜನ ಹಲವು ಪ್ರಯಾಣಗಳನ್ನ ಸೇರಿಸಿ ಒಂದೇ ಮಾಡಿದ್ದಾರೆ, ಹಾಗಾಗಿ ಬರಿಗೈಲಿ ವಾಪಸ್ ಬಂದ ಆ ಆರು ಸಲ ಅಲ್ಲಿ ಕಾಣಲ್ಲ. ಅದನ್ನ ನೀವೇ ನೆನಪಿಟ್ಟುಕೊಂಡು ನೋಡಿ. ಮತ್ತೆ, ಮುಂದಿನ ಸಲ ಲ್ಯಾಬ್‌ನಲ್ಲಿ ಜಾಬ್ ಕೆಟ್ಟರೆ ಸ್ಕ್ರ್ಯಾಪ್ ಡಬ್ಬಕ್ಕೆ ಹಾಕೋ ಮುಂಚೆ ಎಲ್ಲಿ ಕೆಟ್ಟಿತು ಅಂತ ಒಂದು ನಿಮಿಷ ತಿರುಗಿಸಿ ನೋಡಿ. ಹಾಸ್ಟೆಲ್ ರೂಮಿನಲ್ಲಿ ಒಂದು ಸಣ್ಣ ಶೆಲ್ಫಿಗೆ ಜಾಗ ಇದ್ದೇ ಇರುತ್ತೆ.