ಎಡಗೈಯ ತಿರುವು, ಇಡೀ ಮೈಯ ಭಾರ: ಧಾರವಾಡದಲ್ಲಿ ಜನಿಸಿದ ಪಾಲ್ವಣಕರ ಬಾಲೂ

ಬೈಲಹೊಂಗಲ, ಸವದತ್ತಿ ಸೀಮೆಯ ಜೋಳದ ಹೊಲಗಳಲ್ಲಿ ತೆನೆ ಹಾಲುಗಟ್ಟುವ ಕಾಲಕ್ಕೆ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದು ಹಳೆಯ ರೂಢಿ. ಕವಣೆ ಬಲ್ಲವನು ಕೇವಲ ತೋಳಿನ ಬಲವನ್ನು ನೆಚ್ಚುವುದಿಲ್ಲ. ಮೈಯ ಭಾರವನ್ನು ಹಿಂಗಾಲಿನ ಮೇಲೆ ತಂದುಕೊಂಡು, ಸೊಂಟ ತಿರುಗಿಸುತ್ತ ಅದನ್ನು ಮುಂಗಾಲಿಗೆ ಸಾಗಿಸುತ್ತಾನೆ. ಕೈ ಕೊನೆಗೆ ಹಿಂಬಾಲಿಸುತ್ತದೆ. ಗಾಲ್ಫ್ ಆಟಗಾರನು ದಾಂಡು ಬೀಸುವುದಕ್ಕೂ, ಕ್ರಿಕೆಟ್ ಬೌಲರ್ ಚೆಂಡು ಎಸೆಯುವುದಕ್ಕೂ ಮೂಲ ಸೂತ್ರ ಇದೇ. ಈ ವಿದ್ಯೆಯನ್ನು ಯಾವ ಗುರುವಿನ ನೆರವೂ ಇಲ್ಲದೆ ಕರಗತ ಮಾಡಿಕೊಂಡು, ಭಾರತದ ಮೊದಲ ಶ್ರೇಷ್ಠ ಸ್ಪಿನ್ ಬೌಲರ್ ಎನಿಸಿಕೊಂಡ ಪಾಲ್ವಣಕರ ಬಾಲೂ ಹುಟ್ಟಿದ್ದು ಧಾರವಾಡದಲ್ಲಿ.

ಬಾಲೂ ಜನಿಸಿದ್ದು 1870ರ ದಶಕದ ನಡುಭಾಗದಲ್ಲಿ. ಮನೆತನದ ಮೂಲ ಕೊಂಕಣದ ಪಾಲ್ವಣ ಗ್ರಾಮ. ಅಡ್ಡಹೆಸರು ಬಂದದ್ದು ಅಲ್ಲಿಂದಲೇ. ಚರ್ಮದ ಕಸುಬಿನ ಚಾಂಭಾರ ಜಾತಿಗೆ ಸೇರಿದ ಕುಟುಂಬವದು. ತಂದೆ ಸೇನೆಯ ಸೇವೆಯಲ್ಲಿದ್ದವರು. ಆಗ ಧಾರವಾಡವೂ, ಬೆಳಗಾವಿ ಜಿಲ್ಲೆಗೆ ಸೇರಿದ್ದ ಕಿತ್ತೂರು, ಬೈಲಹೊಂಗಲ, ಸವದತ್ತಿಗಳೂ ಮುಂಬೈ ಪ್ರಾಂತ್ಯದ ಆಡಳಿತಕ್ಕೆ ಒಳಪಟ್ಟಿದ್ದವು. ನೆರೆಯ ರಾಮದುರ್ಗ ಒಂದು ಸಣ್ಣ ಸಂಸ್ಥಾನವಾಗಿತ್ತು. ಧಾರವಾಡದಿಂದ ಕಿತ್ತೂರು, ಬೆಳಗಾವಿ ಹಾದು ಸಾಗುವ ಹೆದ್ದಾರಿಯ ಕೊನೆಗೆ ಪುಣೆ. ಸರ್ಕಾರಿ ನೌಕರಿಯ ದಾರಿಯೂ ಆ ದಿಕ್ಕಿಗೇ ಇತ್ತು. ಬಾಲೂ ಬೆಳೆದದ್ದು ಪುಣೆಯಲ್ಲಿ.

ಅಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಮೈದಾನ ಗುಡಿಸುವ, ರೋಲರ್ ಎಳೆಯುವ ಕೆಲಸಕ್ಕೆ ಸೇರಿದ ಹುಡುಗನಿಗೆ ತಿಂಗಳಿಗೆ 3 ರೂಪಾಯಿ ಸಂಬಳ. 1892ರಲ್ಲಿ ಬಿಳಿಯರ ಪೂನಾ ಕ್ಲಬ್ ಸೇರಿದಾಗ ಅದು 4 ರೂಪಾಯಿಗೆ ಏರಿತು. ನೆಟ್ ಕಟ್ಟುವುದು, ಪಿಚ್ ಸಜ್ಜುಗೊಳಿಸುವುದು, ಬಿಡುವಿದ್ದಾಗ ಸಾಹೇಬರಿಗೆ ಬೌಲ್ ಮಾಡುವುದು ಅವರ ಪಾಲಿನ ಕೆಲಸ. ಆ ಕಾಲದ ಹೆಸರಾಂತ ಬ್ಯಾಟ್ಸ್‌ಮನ್ ಜೆ.ಜಿ. ಗ್ರೇಗ್ ಉಳಿದವರಿಗಿಂತ ಮೊದಲೇ ಬಂದು ಬಾಲೂ ಎದುರು ಅಭ್ಯಾಸ ನಡೆಸುತ್ತಿದ್ದರು. ವರ್ಷಗಟ್ಟಲೆ ನಡೆದ ಈ ದುಡಿಮೆಯಿಂದ ಗ್ರೇಗ್ ಅವರ ಬ್ಯಾಟಿಂಗ್ ಹರಿತವಾಯಿತು. ಬಾಲೂ ಅವರ ಎಡಗೈ ಪಳಗಿತು. ಆದರೆ ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಅಲ್ಲಿ ಅವರಿಗೆ ದೊರೆಯಲಿಲ್ಲ. ಬ್ಯಾಟಿಂಗ್ ದೊರೆಗಳ ಆಟ, ಬೌಲಿಂಗ್ ಆಳುಗಳ ದುಡಿಮೆ ಎಂಬ ಭಾವನೆ ಬೇರೂರಿದ್ದ ಕಾಲವದು.

ನಿಧಾನಗತಿಯ ಎಡಗೈ ಸ್ಪಿನ್ ನೋಡಲು ಸುಲಭ; ಮಾಡಲು ಕಠಿಣ. ಬೌಲರ್ ಪಕ್ಕಕ್ಕೆ ತಿರುಗಿ, ಬಲಗೈಯನ್ನು ಮೇಲೆತ್ತಿ, ಭಾರವನ್ನು ಎಡಗಾಲಿನ ಮೇಲೆ ಹೊರುತ್ತಾನೆ. ಬಲಗಾಲು ನೆಲಕ್ಕೂರಿ ಗಟ್ಟಿಯಾಗಿ ನಿಂತೊಡನೆ ಭಾರ ಅದರತ್ತ ಸಾಗಬೇಕು. ಮೊದಲು ಸೊಂಟ, ಅನಂತರ ಭುಜ, ಆಮೇಲೆ ತೋಳು, ಕಟ್ಟಕಡೆಗೆ ಮಣಿಕಟ್ಟು ಮತ್ತು ಬೆರಳು: ಈ ಅನುಕ್ರಮ ತಪ್ಪಬಾರದು. ಭಾರ ಹಿಂದೆಯೇ ಉಳಿದರೆ ಚೆಂಡು ಸತ್ವಹೀನವಾಗಿ ತೇಲುತ್ತದೆ. ಮೈ ಬೇಗನೆ ಮುಂದಕ್ಕೆ ಬಾಗಿದರೆ ಅಳತೆ ಕೆಡುತ್ತದೆ. ಸರಾಗವಾದ ಶೈಲಿ, ದಣಿಯದ ಮೈ, ಎರಡೂ ಕಡೆ ಚೆಂಡು ತಿರುಗಿಸುವ ಕೈಚಳಕ, ವೇಗದಲ್ಲಿನ ಏರಿಳಿತ ಇವು ಬಾಲೂ ಅವರ ಆಸ್ತಿಯಾಗಿದ್ದವು.

ಈ ಪ್ರತಿಭೆ ಪುಣೆಯ ಹಿಂದೂ ಕ್ಲಬ್ಬಿಗೆ ಬೇಕಿತ್ತು. ಆದರೆ ಪ್ರತಿಭಾವಂತನ ಜಾತಿ ಅಡ್ಡ ಬಂತು. ಬಹಳ ಚರ್ಚೆಯ ಬಳಿಕ ಅವರನ್ನು ತಂಡಕ್ಕೆ ಸೇರಿಸಿಕೊಳ್ಳಲಾಯಿತು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟದ ತಟ್ಟೆಯೂ, ಸ್ಥಳವೂ ಬೇರೆ.

ಮುಂದೆ ಮುಂಬೈಗೆ ತೆರಳಿದ ಬಾಲೂ ರೈಲ್ವೆಯಲ್ಲಿ ಕೆಲಸ ಮಾಡುತ್ತ ಅಲ್ಲಿನ ಹಿಂದೂ ಜಿಮ್ಖಾನಾ ಪರ ಆಡತೊಡಗಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಮಣಿಸಿತು. ಆ ವಿಜಯದಲ್ಲಿ ಬಾಲೂ ಪಾತ್ರ ಹಿರಿದು. 1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಬಾಲೂ ಮಾತ್ರ 18.84ರ ಸರಾಸರಿಯಲ್ಲಿ 114 ವಿಕೆಟ್ ಕಬಳಿಸಿದರು. ದಲಿತ ಸಮುದಾಯಕ್ಕೆ ಅವರು ಹೆಮ್ಮೆಯ ಪ್ರತೀಕವಾದರು. ಅವರನ್ನು ಮೆಚ್ಚಿದವರಲ್ಲಿ ಯುವಕ ಭೀಮರಾವ್ ಅಂಬೇಡ್ಕರ್ ಕೂಡ ಒಬ್ಬರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. 1920ರಲ್ಲಿ ನಾಯಕತ್ವದ ವಿವಾದ ತಾರಕಕ್ಕೇರಿ, ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ಪ್ರತಿಭಟಿಸಿ ತಂಡದಿಂದ ಹೊರಗುಳಿದರು. ಕೊನೆಗೆ ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಿ ಸಂಧಾನ ಮಾಡಿಕೊಳ್ಳಲಾಯಿತು. 1923ರಲ್ಲಿ ವಿಠ್ಠಲ ನಾಯಕರಾದರು. ಹಿಂದೂ ತಂಡ ಪ್ರಶಸ್ತಿ ಗೆದ್ದಿತು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು. ಅಷ್ಟರಲ್ಲಿ ಅಣ್ಣನ ಆಟ ಮುಗಿದಿತ್ತು. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್, ಸರಾಸರಿ 15.21: ಇದು ಅವರ ಲೆಕ್ಕ. ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ.

ಅದೇ ವರ್ಷ ಪೂನಾ ಒಪ್ಪಂದದ ಮಾತುಕತೆಗಳಲ್ಲಿ ಬಾಲೂ ಪಾಲ್ಗೊಂಡರು. ಗಾಂಧೀಜಿಯವರ ಮಾರ್ಗದಲ್ಲಿ ನಂಬಿಕೆಯಿದ್ದ ಅವರಿಗೆ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆ ಒಪ್ಪಿಗೆಯಾಗಲಿಲ್ಲ. 1937ರ ಮುಂಬೈ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ವಿರುದ್ಧವೇ ಕಣಕ್ಕಿಳಿಸಿತು. ಅಂಬೇಡ್ಕರ್ 13,245 ಮತ ಪಡೆದು ಗೆದ್ದರು. ಬಾಲೂ ಅವರಿಗೆ ದೊರೆತದ್ದು 11,225. ಒಂದೇ ನೋವುಂಡ ಇಬ್ಬರು ಎದುರಾಳಿಗಳಾಗಬೇಕಾದದ್ದು ಆ ಕಾಲದ ರಾಜಕೀಯದ ಕಹಿ ಸತ್ಯ. ಬಹುಶಃ ಅಂಬೇಡ್ಕರ್ ಅವರ ಆರಾಧ್ಯ ಪುರುಷನನ್ನು ಚುನಾವಣೆಯ ಆಯುಧವನ್ನಾಗಿ ಬಳಸಿಕೊಂಡದ್ದೂ ಅವರ ಪ್ರತಿಭೆಯನ್ನು ದುಡಿಸಿಕೊಂಡ ಇನ್ನೊಂದು ಬಗೆಯೇ ಇರಬಹುದು.

1955ರ ಜುಲೈ 4ರಂದು ಬಾಲೂ ನಿಧನರಾದರು. ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿ ಆಗ ಐದು ವರ್ಷ ಕಳೆದಿತ್ತು. ಅವರು ನೆಟ್‌ನಲ್ಲಿ ಕಲಿತದ್ದು ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಯವಾಗಿ ಸಾಗಿಸುವ ವಿದ್ಯೆ. ಸಮಾಜ ಹೊರಿಸಿದ ಭಾರವನ್ನು ಇಳಿಸಲು ಆ ವಿದ್ಯೆಯೊಂದೇ ಸಾಲಲಿಲ್ಲ. ತಮ್ಮಂದಿರ ಪ್ರತಿಭಟನೆಯೂ ಬೇಕಾಯಿತು. ಧಾರವಾಡ, ಕಿತ್ತೂರು, ಬೈಲಹೊಂಗಲದ ಮೈದಾನಗಳಲ್ಲಿ ಎಡಗೈಯಲ್ಲಿ ಚೆಂಡು ತಿರುಗಿಸುವ ಹುಡುಗರು ಈ ಹೆಸರನ್ನು ತಿಳಿದಿರಬೇಕು. ಅವರಿಗೆ ಅದನ್ನು ಹೇಳಿಕೊಡುವ ಹೊಣೆ ಹಿರಿಯರದು.