ಮರವನ್ನು ಬಾಗಿಸಿದ ಬಡಗಿ

ರೈನ್ ನದಿಯ ದಡದ ಬೊಪ್ಪಾರ್ಡಿನಲ್ಲಿ 1796ರಲ್ಲಿ ಜನಿಸಿದ ಮೈಕೇಲ್ ಥೋನೆಟ್ ಸಾಮಾನ್ಯ ಬಡಗಿಯಲ್ಲ. ತೆಳುಪಟ್ಟಿಗಳನ್ನು ಅಂಟಿನಲ್ಲಿ ಕುದಿಸಿ ಬಾಗಿಸುವ ಹುಚ್ಚು ಅವನನ್ನು ಸಾಲಕ್ಕೆ ನೂಕಿತು. 1842ರಲ್ಲಿ ಮೆಟರ್ನಿಖ್‌ನ ಆಶ್ರಯವನ್ನು ನಂಬಿ ವಿಯೆನ್ನಾ ನಗರವನ್ನು ಸೇರಿದನು. ಊರಿನ ಆಸ್ತಿಯೋ ಸಾಲಿಗರ ಪಾಲಾಯಿತು. ನಡುವಯಸ್ಸಿನಲ್ಲಿ ಮತ್ತೆ ಪರರ ಕಾರ್ಖಾನೆಯ ಕೂಲಿ!

ಆದರೂ ಹಟ ಬಿಡಲಿಲ್ಲ. ಬೀಚ್ ಮರದ ದಂಡವನ್ನು ಆವಿಯಲ್ಲಿ ಹದಗೊಳಿಸಿ, ಹೊರಮೈ ಸೀಳದಂತೆ ಲೋಹದ ಪಟ್ಟಿ ಬಿಗಿದು ಬಾಗಿಸುವ ಉಪಾಯ ಕೊನೆಗೂ ಕೈಗೂಡಿತು. 1859ರಲ್ಲಿ ಹೊರಬಂದ ಹದಿನಾಲ್ಕನೆಯ ಮಾದರಿಯ ಕುರ್ಚಿಗೆ ಮರದ ಭಾಗಗಳು 6, ತಿರುಪುಗಳು 10, ನಟ್ಟುಗಳು 2. ಬಿಡಿಭಾಗಗಳಾಗಿ ಅಡಕಿದರೆ ಒಂದು ಘನಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಡಗೇರುತ್ತಿದ್ದವು. ಕೆತ್ತನೆಯ ಆಡಂಬರವಿಲ್ಲದ ಈ ಬೆತ್ತದ ಆಸನ ಅರಮನೆಗಿಂತ ಕಾಫಿಮನೆಗೇ ಹೆಚ್ಚು ಒಪ್ಪಿತು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಚಹಾ ಕುಡಿದವರಿಗೆ ಇದರ ವಂಶದ ಪರಿಚಯವುಂಟು.

1869ರಲ್ಲಿ ಸರಕಾರವಿತ್ತ ಏಕಸ್ವಾಮ್ಯ ಮುಗಿದು ಅನುಕರಣೆಗಳು ಹೊರಟವು. 1871ರಲ್ಲಿ ಥೋನೆಟ್ ತೀರಿಕೊಂಡಾಗ ಉದ್ಯಮ ಅವನ ಐವರು ಪುತ್ರರ ಕೈಯಲ್ಲಿತ್ತು.