ಲಿಯೊನಾರ್ಡೊ ಡಾ ವಿಂಚಿಗೆ ಎಡಿಎಚ್‌ಡಿ ಇತ್ತಾ? ಫಾರ್ವರ್ಡ್ ಮಾಡುವ ಮುಂಚೆ ಆತನ ಬದುಕು ಓದಿ

ಮೊನಾಲಿಸಾ ಚಿತ್ರ, ಅದರ ಕೆಳಗೆ ಎರಡು ಸಾಲು. ಇದನ್ನು ಬರೆದ ಡಾ ವಿಂಚಿಗೂ ಎಡಿಎಚ್‌ಡಿ ಇತ್ತು, ಹಾಗಾಗಿ ನಿಮ್ಮ ಚಂಚಲತೆ ತೊಂದರೆಯಲ್ಲ, ಅದೊಂದು ವರ ಅಂತ. ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನನಗೆ ಕಳಿಸಿದ್ದು ಮೂವತ್ತು ದಾಟಿದ ನನ್ನ ಕಸಿನ್. ಮನೋವೈದ್ಯರ ಹತ್ತಿರ ತೆಗೆದುಕೊಂಡಿದ್ದ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ ಅಂತಲೂ ಜೊತೆಗೆ ಬರೆದಿದ್ದ. ಹೀಗಾಗಿ ಇದನ್ನು ಸ್ವಲ್ಪ ಗಂಭೀರವಾಗಿ ಹುಡುಕಬೇಕಾಯಿತು.

ಫಾರ್ವರ್ಡ್ ಪೂರ್ತಿ ಗಾಳಿಸುದ್ದಿಯಲ್ಲ. ಲಿಯೊನಾರ್ಡೊ ತೀರಿಕೊಂಡು 500 ವರ್ಷ ತುಂಬಿದ 2019ರಲ್ಲಿ ಮಾರ್ಕೊ ಕಟಾನಿ ಮತ್ತು ಪಾವ್ಲೊ ಮಝಾರೆಲ್ಲೊ ಎಂಬ ಇಬ್ಬರು ಸಂಶೋಧಕರು 'ಬ್ರೇನ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದರು. ಆತ ಕೆಲಸಗಳನ್ನು ಅರ್ಧಕ್ಕೆ ಬಿಡುತ್ತಿದ್ದುದಕ್ಕೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಕಾರಣವಾಗಿರಬಹುದು ಎಂಬುದು ಅವರ ವಾದ. ಆದರೆ 500 ವರ್ಷದ ಹಿಂದಿನವರಿಗೆ ಈಗ ರೋಗನಿರ್ಣಯ ಮಾಡಲು ಸಾಧ್ಯವಿಲ್ಲ ಎಂದು ಕಟಾನಿಯವರೇ ಹೇಳಿದ್ದಾರೆ. ಫಾರ್ವರ್ಡ್ ಆಗುತ್ತಾ ಆಗುತ್ತಾ ಉದುರಿಹೋಗಿರುವುದು ಈ ಮಾತು.

ಯಾಕೆ ಸಾಧ್ಯವಿಲ್ಲ? ಎಡಿಎಚ್‌ಡಿ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ, ಸ್ಕ್ಯಾನ್ ಇವತ್ತಿಗೂ ಇಲ್ಲ. ವೈದ್ಯರು ಮಾಡುವುದು ಬದುಕಿನ ಕಥೆ ಕೇಳುವ ಕೆಲಸ. ಆ ಪ್ರಶ್ನೆಗಳನ್ನೇ ಇಟ್ಟುಕೊಂಡು ಲಿಯೊನಾರ್ಡೊನ ಬದುಕನ್ನು ನೋಡೋಣ.

ಮೊದಲು ಕೇಳುವುದು ಬಾಲ್ಯ. ಎಡಿಎಚ್‌ಡಿ ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗುವ ತೊಂದರೆಯಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷಕ್ಕಿಂತ ಮುಂಚೆ ಕಾಣಿಸಿಕೊಂಡಿರಬೇಕು. ಲಿಯೊನಾರ್ಡೊ ಹುಟ್ಟಿದ್ದು 1452ರ ಏಪ್ರಿಲ್ 15ರಂದು, ಇಟಲಿಯ ಫ್ಲಾರೆನ್ಸ್ ಸಮೀಪದ ವಿಂಚಿಯಲ್ಲಿ. ತಂದೆ ಪಿಯೆರೊ ನೋಟರಿ. ತಾಯಿ ಕ್ಯಾತೆರಿನಾ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಹುಟ್ಟಿದ ತಾರೀಕು ನಮಗೆ ಗೊತ್ತಿರುವುದೇ ಅಜ್ಜ ಅಂತೋನಿಯೊ ಬರೆದಿಟ್ಟಿದ್ದರಿಂದ. ಹುಡುಗ ಏನೇನೋ ಕಲಿಯಲು ಶುರು ಮಾಡಿ ಬೇಗ ಬಿಟ್ಟುಬಿಡುತ್ತಿದ್ದ, ಲೆಕ್ಕದ ಮೇಷ್ಟ್ರಿಗೆ ಪ್ರಶ್ನೆ ಕೇಳಿ ಕೇಳಿ ತಬ್ಬಿಬ್ಬು ಮಾಡುತ್ತಿದ್ದ ಎಂದು ಜಾರ್ಜಿಯೊ ವಸಾರಿ ಬರೆದಿದ್ದಾನೆ. ಕೇಳಲು ಎಡಿಎಚ್‌ಡಿ ಥರಾನೇ ಇದೆ. ಆದರೆ ವಸಾರಿ ಹುಟ್ಟಿದ್ದು 1511ರಲ್ಲಿ, ಆ ಪುಸ್ತಕ ಬಂದದ್ದು 1550ರಲ್ಲಿ. ಲಿಯೊನಾರ್ಡೊ ಹುಡುಗನಾಗಿದ್ದುದನ್ನು ಆತ ನೋಡಿಯೇ ಇಲ್ಲ. ಮೊದಲ ಪ್ರಶ್ನೆಗೇ ಸಾಕ್ಷಿ ಸಿಗಲಿಲ್ಲ.

ಎರಡನೆಯದು, ಲಕ್ಷಣಗಳು ಒಂದೇ ಕಡೆ ಇದ್ದರೆ ಸಾಲದು. ಮನೆ, ಆಫೀಸು, ಸ್ನೇಹಿತರ ನಡುವೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು. ಬಾಸ್ ಕಂಡರೆ ಆಗದೆ ಬರೀ ಆಫೀಸಿನಲ್ಲಿ ಮನಸ್ಸು ನಿಲ್ಲದಿದ್ದರೆ ಅದು ಬೇರೆ ವಿಷಯ. ಇಲ್ಲಿ ಮಾತ್ರ ಲಿಯೊನಾರ್ಡೊನ ದಾಖಲೆ ದಂಡಿಯಾಗಿದೆ. ಫ್ಲಾರೆನ್ಸಿನಲ್ಲಿ ವೆರೊಕಿಯೊ ಎಂಬ ಗುರುವಿನ ಹತ್ತಿರ ಕೆಲಸ ಕಲಿತು ಹೊರಬಂದ ಮೇಲೆ 1478ರಲ್ಲಿ ಒಂದು ದೊಡ್ಡ ಚಿತ್ರದ ಗುತ್ತಿಗೆ ಸಿಕ್ಕಿತು. ಆ ಕೆಲಸ ಆಗಲೇ ಇಲ್ಲ. 1481ರಲ್ಲಿ ಸನ್ಯಾಸಿಗಳ ಮಠವೊಂದು ಎರಡೂವರೆ ವರ್ಷದ ಗಡುವು ಕೊಟ್ಟು ಶಿಶು ಯೇಸುವಿನ ಚಿತ್ರ ಬರೆಯಲು ಹೇಳಿತು. ಲಿಯೊನಾರ್ಡೊ ಅದನ್ನು ಅರ್ಧಕ್ಕೆ ಬಿಟ್ಟು ಮಿಲಾನ್‌ಗೆ ಹೊರಟುಹೋದ. ಸನ್ಯಾಸಿಗಳು ಕೊನೆಗೆ ಫಿಲಿಪ್ಪಿನೊ ಲಿಪ್ಪಿ ಎಂಬ ಬೇರೆ ಕಲಾವಿದನಿಂದ ಬರೆಸಿಕೊಂಡರು. ಅಷ್ಟರಲ್ಲಿ 1496 ಆಗಿತ್ತು. ಮುಂದೆ 1501ರಲ್ಲಿ ಮಾಂಟುವಾದ ರಾಣಿ ಇಸಬೆಲ್ಲಾ ಆತನಿಂದ ಚಿತ್ರ ಬರೆಸಬೇಕೆಂದು ಪಾದ್ರಿಯೊಬ್ಬನನ್ನು ವಿಚಾರಿಸಿದಳು. ಆತನ ಬದುಕಿಗೆ ಗೊತ್ತುಗುರಿ ಇದ್ದಂತಿಲ್ಲ, ಈಗ ರೇಖಾಗಣಿತದಲ್ಲಿ ಮುಳುಗಿದ್ದಾನೆ, ಬ್ರಷ್ ಹಿಡಿಯುವ ತಾಳ್ಮೆಯಿಲ್ಲ ಎಂಬ ಅರ್ಥದ ಉತ್ತರ ಬಂತು. ಊರು ಬದಲಾದರೂ, ಕೆಲಸ ಕೊಡುವವರು ಬದಲಾದರೂ ದೂರು ಅದೇ.

ಈಗ ಎಲ್ಲರಿಗೂ ಗೊತ್ತಿರುವ 'ಕೊನೆಯ ಭೋಜನ' ಚಿತ್ರಕ್ಕೆ ಬರೋಣ. ಮಿಲಾನಿನ ಮಠದ ಊಟದ ಮನೆಯ ಗೋಡೆಯ ಮೇಲೆ ಸುಮಾರು 1495ರಿಂದ 1498ರವರೆಗೆ ಬರೆದದ್ದು. ಮುಂದೆ ಕಥೆಗಾರನಾದ ಮಟ್ಟೆಯೊ ಬಂಡೆಲ್ಲೊ ಆಗ ಹುಡುಗ. ಇವನು ಮಾತ್ರ ಕಣ್ಣಾರೆ ನೋಡಿದವನು. ಲಿಯೊನಾರ್ಡೊ ಕೆಲವು ದಿನ ಸೂರ್ಯ ಹುಟ್ಟುವಾಗ ಅಟ್ಟಣಿಗೆ ಹತ್ತಿದರೆ ಕತ್ತಲಾಗುವವರೆಗೆ ಊಟ ನೀರು ಮರೆತು ಬರೆಯುತ್ತಿದ್ದನಂತೆ. ಆಮೇಲೆ ಎರಡು ಮೂರು ದಿನ ಬ್ರಷ್ ಮುಟ್ಟದೆ ಸುಮ್ಮನೆ ನಿಂತು ನೋಡುತ್ತಿದ್ದ. ಇನ್ನೊಮ್ಮೆ ಸುಡುವ ಬಿಸಿಲಲ್ಲಿ ಬೇರೆ ಕೆಲಸ ಬಿಟ್ಟು ಓಡಿ ಬಂದು, ಒಂದೆರಡು ಸಲ ಬ್ರಷ್ ಆಡಿಸಿ ಹೊರಟುಬಿಡುತ್ತಿದ್ದ.

ಇದನ್ನು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಮೂರು ಗಂಟೆ ಸಿನಿಮಾ ನೋಡ್ತೀಯ, ಗೇಮ್ ಆಡ್ತೀಯ, ನಿನಗೆಲ್ಲಿಯ ಎಡಿಎಚ್‌ಡಿ ಅಂತ ಮನೆಯಲ್ಲಿ ಹೇಳುವುದುಂಟು. ಇದು ತಪ್ಪು ಕಲ್ಪನೆ. ಎಡಿಎಚ್‌ಡಿ ಇರುವವರಿಗೆ ಗಮನವೇ ಇಲ್ಲವೆಂದಲ್ಲ, ಅದು ಹೇಳಿದ ಮಾತು ಕೇಳುವುದಿಲ್ಲ. ಬೇಕಾದಾಗ ಹಚ್ಚಲು ಆಗುವುದಿಲ್ಲ, ಹತ್ತಿದ್ದನ್ನು ಬಿಡಿಸಲೂ ಆಗುವುದಿಲ್ಲ. ಇಷ್ಟವಾದ ಕೆಲಸದಲ್ಲಿ ಗಂಟೆಗಟ್ಟಲೆ ಮುಳುಗುವುದರಿಂದ ಎಡಿಎಚ್‌ಡಿ ಇಲ್ಲ ಎಂದಾಗುವುದಿಲ್ಲ.

ಮೂರನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಇದಕ್ಕೆ ಬೇರೆ ಕಾರಣ ಇರಬಹುದೇ? ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾಗಾಗಿ ಲಿಯೊನಾರ್ಡೊ ಭಾರಿ ಕಂಚಿನ ಕುದುರೆ ಮಾಡಬೇಕಿತ್ತು. 1493ರಲ್ಲಿ ಮಣ್ಣಿನ ಮಾದರಿ ಸಿದ್ಧವಾಯಿತು. ಮರುವರ್ಷವೇ ಯುದ್ಧದ ಭಯ, ಎರಕಕ್ಕೆ ಇಟ್ಟಿದ್ದ ಕಂಚು ತೋಪು ಮಾಡಲು ಹೋಯಿತು. 1499ರಲ್ಲಿ ಮಿಲಾನ್ ಗೆದ್ದ ಫ್ರೆಂಚ್ ಬಿಲ್ಲುಗಾರರು ಆ ಮಣ್ಣಿನ ಕುದುರೆಗೇ ಗುರಿಯಿಟ್ಟು ಹೊಡೆದರು. ಇದು ಚಂಚಲತೆಯಲ್ಲ, ದುರದೃಷ್ಟ. 1483ರಲ್ಲಿ ಒಪ್ಪಿಕೊಂಡ ಇನ್ನೊಂದು ಚಿತ್ರ ಹಣದ ತಕರಾರಿಗೆ ಸಿಕ್ಕಿ 1508ರವರೆಗೆ ಎಳೆಯಿತು. ಫ್ಲಾರೆನ್ಸಿನ ಸಭಾಂಗಣದ ಯುದ್ಧಚಿತ್ರ ನಿಂತದ್ದು ಹೊಸ ಬಣ್ಣದ ಪ್ರಯೋಗ ಗೋಡೆಯ ಮೇಲೆ ಕೈಕೊಟ್ಟ ಮೇಲೆ. ಇವನ್ನೂ ಫಾರ್ವರ್ಡ್‌ನವರು ಎಡಿಎಚ್‌ಡಿ ಲೆಕ್ಕಕ್ಕೇ ಬರೆಯುತ್ತಾರೆ.

ನಿಮ್ಮ ವಿಷಯದಲ್ಲೂ ವೈದ್ಯರು ಹೀಗೆ ಒಂದೊಂದನ್ನೇ ಬೇರೆ ಮಾಡುತ್ತಾರೆ. ಥೈರಾಯ್ಡ್ ತೊಂದರೆ, ಆತಂಕ, ಖಿನ್ನತೆ, ನಿದ್ದೆಯಲ್ಲಿ ಉಸಿರುಕಟ್ಟುವ ಸ್ಲೀಪ್ ಆಪ್ನಿಯಾ, ಇವೆಲ್ಲವೂ ಗಮನ ಕೆಡಿಸುತ್ತವೆ, ಮರೆವು ತರುತ್ತವೆ. ಅಂದಹಾಗೆ, ಡಾ ವಿಂಚಿ ನಾಲ್ಕು ಗಂಟೆಗೊಮ್ಮೆ 20 ನಿಮಿಷ ಮಾತ್ರ ಮಲಗುತ್ತಿದ್ದ ಎಂಬ ಇನ್ನೊಂದು ಫಾರ್ವರ್ಡ್ ಇದೆ. ಅದಕ್ಕೆ ನಂಬುವಂಥ ಆಧಾರವಿಲ್ಲ, ದಯವಿಟ್ಟು ಪ್ರಯೋಗ ಮಾಡಬೇಡಿ. ನಿದ್ದೆಗೆಟ್ಟರೆ ಯಾರಿಗಾದರೂ ಗಮನ ನಿಲ್ಲುವುದಿಲ್ಲ.

ಇನ್ನು ವರ ಎಂಬ ಮಾತು. ಲಿಯೊನಾರ್ಡೊ ಹೆಣಗಳನ್ನು ಕೊಯ್ದು ದೇಹದ ಒಳಗನ್ನು ಅಭ್ಯಾಸ ಮಾಡಿದ. ಫ್ಲಾರೆನ್ಸಿನ ಆಸ್ಪತ್ರೆಯಲ್ಲಿ ತೀರಿಕೊಂಡ ವೃದ್ಧನೊಬ್ಬನ ಕಿರಿದಾದ ರಕ್ತನಾಳಗಳನ್ನು ಗುರುತಿಸಿ ಬರೆದ. ಹೃದಯದ ಕವಾಟದ ಹತ್ತಿರ ರಕ್ತ ಸುಳಿ ಸುತ್ತುವುದನ್ನು ಚಿತ್ರಿಸಿದ. ಆತನಿಗೆ ಜೊತೆಯಾಗಿದ್ದ ವೈದ್ಯ ಮಾರ್ಕಾಂತೋನಿಯೊ ದೆಲ್ಲಾ ತೊರೆ 1511ರಲ್ಲಿ ಪ್ಲೇಗಿಗೆ ಬಲಿಯಾದ. ಪುಸ್ತಕ ಬರಲೇ ಇಲ್ಲ. ವೈದ್ಯರಿಗೆ ಅಂಥ ಚಿತ್ರಗಳ ಪುಸ್ತಕ ಕೊಟ್ಟದ್ದು 1543ರಲ್ಲಿ ವೆಸೇಲಿಯಸ್, ತನ್ನದೇ ಅಭ್ಯಾಸದಿಂದ. ಲಿಯೊನಾರ್ಡೊ ಕಂಡದ್ದು ಶತಮಾನಗಳ ಕಾಲ ಯಾವ ರೋಗಿಗೂ ಉಪಯೋಗವಾಗಲಿಲ್ಲ. ಇವತ್ತು ಉಳಿದಿರುವ ಆತನ ಟಿಪ್ಪಣಿಗಳೇ ಸುಮಾರು 7,000 ಪುಟ. ಏನನ್ನಾದರೂ ಮುಗಿಸಿದ್ದುಂಟೇ ಎಂಬ ಅರ್ಥದ ಗೀಚುಗಳು ಆ ಪುಟಗಳಲ್ಲಿ ಅಲ್ಲಲ್ಲಿ ಕಾಣುತ್ತವೆ. ವರ ಪಡೆದವನ ಗೀಚು ಅನಿಸುವುದಿಲ್ಲ ನನಗೆ.

ಕೊನೆಯ ವರ್ಷಗಳನ್ನು ಆತ ಕಳೆದದ್ದು ಫ್ರಾನ್ಸಿನ ಅಂಬ್ವಾಸ್‌ನಲ್ಲಿ, ರಾಜನ ಆಶ್ರಯದಲ್ಲಿ. 1517ರಲ್ಲಿ ನೋಡಲು ಹೋದವರಿಗೆ ಬಲಗೈ ಸ್ವಾಧೀನ ತಪ್ಪಿದ್ದು ಕಂಡಿತು. ಎಡಗೈಯಲ್ಲಿ ಬರೆಯುವವನಾದ್ದರಿಂದ ಗೆರೆ ಎಳೆಯುವುದು ನಿಂತಿರಲಿಲ್ಲ. ಸುಮಾರು 1503ರಲ್ಲಿ ಶುರುವಾದ ಮೊನಾಲಿಸಾವನ್ನು ಬರೆಸಿದವರಿಗೆ ಒಪ್ಪಿಸಲೇ ಇಲ್ಲ. 1519ರ ಮೇ 2ರಂದು ಆತ ತೀರಿಕೊಂಡ.

ಕಸಿನ್‌ಗೆ ಕಳಿಸಿದ ಉತ್ತರ ಇಷ್ಟು. ಅಪಾಯಿಂಟ್‌ಮೆಂಟ್ ಮತ್ತೆ ತಗೋ. ಆನ್‌ಲೈನ್ ಟೆಸ್ಟ್ ಪರೀಕ್ಷೆಗೆ ಹೋಗಬೇಕೇ ಎಂದು ಹೇಳಬಹುದು, ರೋಗ ಇದೆ ಎಂದಲ್ಲ. ಹಳೆಯ ಮಾರ್ಕ್ಸ್ ಕಾರ್ಡುಗಳಲ್ಲಿ ಟೀಚರ್ ಬರೆದ ಷರಾ ಇದ್ದರೆ ತೆಗೆದುಕೊಂಡು ಹೋಗು. ಚಿಕ್ಕಂದಿನಲ್ಲಿ ಹೇಗಿದ್ದೆ ಎಂದು ಅಮ್ಮನನ್ನು ಕೇಳು, ಆದರೆ ಜೊತೆಗೇ ಕರೆದುಕೊಂಡು ಹೋಗು. ಕೆಲಸ ಬಿಟ್ಟಿದ್ದು, ಬಿಲ್ ಕಟ್ಟಲು ಮರೆತಿದ್ದು, ಜಗಳಗಳು, ನಾಚಿಕೆಯಿಲ್ಲದೆ ಹೇಳು. ಎಡಿಎಚ್‌ಡಿ ಅಲ್ಲ ಎಂದು ಗೊತ್ತಾದರೆ ನಿಜವಾದ ಕಾರಣ ಹುಡುಕಬಹುದು. ಹೌದು ಎಂದಾದರೆ ಔಷಧಿ, ಥೆರಪಿ ಎರಡೂ ಇವೆ, ಔಷಧಿ ಮಾತ್ರ ವೈದ್ಯರ ಚೀಟಿ ಇಲ್ಲದೆ ಬೇಡ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದವರು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ.